ಅದೇ ಥರದ ನಿದ್ದೆ

ಟಿಕ್ ಎನ್ನುವುದಲ್ಲ, ಟಕ್ ಎನ್ನುವುದೂ ಅಲ್ಲ, ಖಾಲಿ ಬಕೆಟ್ಟಿಗೆ ನಲ್ಲಿಯ ಹನಿ ಬಿದ್ದ ಹಾಗೆ ಈ ಮಾನಿಟರಿನ ಸದ್ದು, ಒಂದು ಹನಿ, ಇನ್ನೊಂದು ಹನಿ, ಈಗ ಬಿದ್ದದ್ದು ಸ್ವಲ್ಪ ತಡವಾಯಿತೇ — ಇಲ್ಲ, ಸರಿಯಾಗಿಯೇ ಇದೆ, ಇವತ್ತು ನನ್ನ ಕಿವಿಯೇ ಸರಿಯಿಲ್ಲ, ಬೇಕರಿಯವನ ಎದೆ ಏರುತ್ತದೆ, ಇಳಿಯುತ್ತದೆ, ಯಂತ್ರ ಅವನ ಪರವಾಗಿ ಉಸಿರಾಡುತ್ತಿದೆ, ಹಸಿರು ಬಟ್ಟೆಯ ಆಚೆ ಸರ್ಜನ್ ಬಗ್ಗಿ ಅವನ ಹರ್ನಿಯಾ ಹೊಲಿಯುತ್ತಿದ್ದಾರೆ, ಬಟ್ಟೆಯ ಈಚೆ ಅವನ ತಲೆ, ನನ್ನ ಸ್ಟೂಲು, ನಾನು, ಹೊಟ್ಟೆ ಅವರ ಪಾಲಿಗೆ, ತಲೆ ನನ್ನ ಪಾಲಿಗೆ, ಈ ಆಸ್ಪತ್ರೆಗೆ ಸೇರಿದಾಗಿನಿಂದ ಹೀಗೆಯೇ ಹಂಚಿಕೊಂಡು ಬಂದಿದ್ದೇವೆ. ಮಲಗಿಸುವ ಮುಂಚೆ ಬೇಕರಿಯವನು ಕೇಳಿದ, ಎದ್ದೇಳ್ತೀನಿ ತಾನೇ ಮೇಡಂ, ಎಲ್ಲರೂ ಕೇಳುವುದೇ ಅದು, ಕೆಲವರು ಬಾಯಿಬಿಟ್ಟು, ಕೆಲವರು ಕಣ್ಣಲ್ಲಿ, ನಾನೂ ಎಲ್ಲರಿಗೂ ಹೇಳುವುದನ್ನೇ ಹೇಳಿದೆ, ಎದ್ದೇಳದೆ ಎಲ್ಲಿಗೆ ಹೋಗ್ತೀರಿ, ಏನಾದ್ರೂ ಒಳ್ಳೇದನ್ನ ನೆನಪಿಸ್ಕೊಳ್ಳಿ, ಹಾಗೇ ಕಣ್ಣು ಮುಚ್ಚಿ, ಏನು ನೆನಪಿಸ್ಕೊಂಡ್ರಿ, ಹೊಸ ಓವನ್ ಅಂದ, ಓವನ್ನಿನ ಬಾಗಿಲು ತೆರೆಯುವಷ್ಟರಲ್ಲಿ ನಾಲಿಗೆ ಭಾರವಾಯಿತು, ಹಾಲಿನಂಥ ಬಿಳಿ ಔಷಧ ಕೊಳವೆಯೊಳಗೆ ಇಳಿದುಹೋಯಿತು, ರೆಪ್ಪೆ ಮುಟ್ಟಿ ನೋಡಿದೆ, ಅಲುಗಲಿಲ್ಲ. ರೋಗಿಗಳು ನನ್ನನ್ನು ಕರೆಯುವುದು ಮತ್ತು ಡಾಕ್ಟರು ಎಂದು, ಕೊಯ್ಯುವವರು ದೊಡ್ಡ ಡಾಕ್ಟರು, ಮತ್ತು ಬರಿಸುವವಳು ಮತ್ತು ಡಾಕ್ಟರು, ಶಾಲೆಯಲ್ಲಿ ಆ ಪದ ಕಲಿತು ಬಂದ ದಿನ ಮಗಳು ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದಳು, ಅಮ್ಮ, ಮತ್ತು ಅಂದ್ರೆ ಎರಡನ್ನ ಜೋಡಿಸೋ ಪದ ಅಂತ ಮಿಸ್ ಹೇಳಿದ್ರು, ನೀನು ಏನನ್ನ ಏನಕ್ಕೆ ಜೋಡಿಸ್ತೀಯ. ಮಲಗೋದನ್ನ ಏಳೋದಕ್ಕೆ ಜೋಡಿಸ್ತೀನಿ, ಎಂದಿದ್ದೆ, ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಹೆಮ್ಮೆಯಾಗಿತ್ತು, ಆ ವಾರವೆಲ್ಲ ಸಿಕ್ಕ ಸಿಕ್ಕವರಿಗೆ ಅದನ್ನು ಹೇಳಿಕೊಂಡು ತಿರುಗಿದ್ದೆ. ಹೋದ ಬುಧವಾರ ಜೋಡಿಸಲಿಲ್ಲ. ಹೋದ ಬುಧವಾರ ಆ ಸ್ಟೀಲಿನ ಮೇಜಿನ ಮೇಲೆ — ಬೇಡ, ಆ ಮೇಜು ಬೇಡ, ಈ ಮೇಜು ನೋಡು, ಒತ್ತಡ ನೂರಹತ್ತು, ನಾಡಿ ಎಪ್ಪತ್ತೆರಡು, ಬೇಕರಿಯವನ ಕಿವಿಯ ಹಿಂದೆ ಮೈದಾಹಿಟ್ಟು ಇನ್ನೂ ಅಂಟಿಕೊಂಡಿದೆ, ಪಾಪ, ಬೆಳಗ್ಗೆ ಎದ್ದು ಒಂದು ಸುತ್ತು ಕೆಲಸ ಮುಗಿಸಿಯೇ ಬಂದಿರಬೇಕು.

ತಾತ. ತಾತ ಅಂದರೆ ನಮ್ಮ ನಾಯಿ, ಎದುರುಮನೆಯ ದರ್ಜಿ ಮನೆ ಖಾಲಿ ಮಾಡುವಾಗ ಹೊಸ ಮನೆಯ ಮಾಲೀಕ ನಾಯಿ ಬೇಡ ಅಂದನಂತೆ, ದರ್ಜಿ ಹಗ್ಗದ ತುದಿ ನನ್ನ ಗಂಡನ ಕೈಗೆ ಕೊಟ್ಟು, ಒಂದೆರಡು ತಿಂಗಳು ಇಟ್ಕೊಂಡಿರಿ ಸಾರ್, ಬೇರೆ ಮನೆ ನೋಡ್ತೀನಿ, ಎಂದು ಹೋದವನು ಆ ಕಡೆಗೇ ಹೋದ, ಆಗಲೇ ಮೂತಿಯ ಸುತ್ತ ಬಿಳಿ ಗಡ್ಡ, ಕೂತರೆ ಒಂದು ನಿಟ್ಟುಸಿರು, ಎದ್ದರೆ ಇನ್ನೊಂದು, ಆಗಿನ್ನೂ ತೊದಲುತ್ತಿದ್ದ ಮಗಳು ಗುಬ್ಬಿ ಅದನ್ನು ನೋಡಿ ತಾತ ಬಂದ ಅಂದಳು, ಅದೇ ಹೆಸರಾಯಿತು. ಆಮೇಲೆ ಮಗ ಗುಂಡ ಹುಟ್ಟಿದ, ತಾತನ ಬೆನ್ನು ಹಿಡಿದೇ ನಿಲ್ಲುವುದು ಕಲಿತ, ಬಿದ್ದರೂ ತಾತನ ಮೇಲೆಯೇ ಬೀಳುತ್ತಿದ್ದ, ತಾತ ಒಮ್ಮೆಯೂ ಗುರ್ರ್ ಎನ್ನಲಿಲ್ಲ, ನಿಟ್ಟುಸಿರು ಬಿಟ್ಟ ಅಷ್ಟೇ. ನನಗೆ ಅವನು ಬಾಗಿಲ ಬಳಿಯ ಒಂದು ಕಂಬಳಿ, ಕಾಲಿಗೆ ಅಡ್ಡ ಸಿಗುವ ಒಂದು ವಸ್ತು, ಪಕ್ಕಕ್ಕೆ ಹೋಗೋ, ಎಂದು ದಾಟಿಕೊಂಡು ಆಸ್ಪತ್ರೆಗೆ ಓಡುವವಳು ನಾನು, ಊಟ ಹಾಕಿದ್ದು ಗಂಡ, ನಡೆಸಿದ್ದು ಗಂಡ, ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುವವನು ಅವನು, ಈ ಚಳಿಯಲ್ಲಿ ತಾತನ ಕಿಡ್ನಿ ಕೈಬಿಟ್ಟು ನಿಂತಲ್ಲೇ ಒದ್ದೆಯಾಗತೊಡಗಿದ ಮೇಲೆ ಒರೆಸಿದ್ದೂ ಅವನೇ, ನಾನಲ್ಲ. ಹಾಗಿದ್ದರೂ ಸಾಕು ಅಂದಿದ್ದು ನಾನು. ಗಂಡ ಹೇಳಿದ, ಇನ್ನೊಂದು ವಾರ ನೋಡೋಣ ಕಣೇ, ಮಕ್ಕಳಿಗೆ ಹೇಳೋಣ, ಕೂರಿಸ್ಕೊಂಡು ಮೆತ್ತಗೆ ಹೇಳೋಣ, ಒಂದ್ಸಲ ತಬ್ಬಿಕೊಳ್ಳಲಿ. ನಾನು ಹೇಳಿದೆ, ಚಿಕ್ಕ ಮಕ್ಕಳಿಗೆ ಅದೆಲ್ಲ ಯಾಕೆ, ನೋವು ತಿನ್ನೋ ಪ್ರಾಣೀನ ಕಾಯಿಸೋದು ಪಾಪ, ನನಗೆ ಬುಧವಾರ ಬಿಟ್ಟರೆ ರಜೆ ಸಿಗಲ್ಲ. ಪಾಪ ಎನ್ನುವುದೂ ರಜೆ ಎನ್ನುವುದೂ ಒಂದೇ ಉಸಿರಿನಲ್ಲಿ ಬಂತು, ಗಂಡನಿಗೆ ಅದು ಕೇಳಿಸಿತು, ಅವನು ಪೆನ್ಸಿಲ್ ಚೂಪು ಮಾಡುತ್ತಾ ಕೂತ, ಚೂಪಾದ ಮೇಲೂ ಮಾಡುತ್ತಲೇ ಇದ್ದ.

ಬುಧವಾರ ಸಂಜೆ ಅಡುಗೆಮನೆ, ಬೀನ್ಸಿನ ನಾರು ತೆಗೆಯುತ್ತಿದ್ದೇನೆ, ಶಾಲೆಯ ವ್ಯಾನು ನಿಂತ ಸದ್ದು, ಬೂಟು ಬಿಸಾಡಿದ ಸದ್ದು, ಆಮೇಲೆ ಸದ್ದಿಲ್ಲ, ಕಂಬಳಿಯ ಮುಂದೆ ನಿಂತಿದ್ದಾರೆ ಎಂದು ಗೊತ್ತಾಯಿತು, ತಾತ ಎಲ್ಲಿ ಎಂದು ಗುಬ್ಬಿ ಕೂಗಿದಳು, ನಾನು ತಯಾರಾಗಿಯೇ ಇದ್ದೆ, ಮಾತನ್ನು ಕಾರಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ, ಬೀನ್ಸಿನಿಂದ ಕಣ್ಣೆತ್ತದೆ ಒಪ್ಪಿಸಿದೆ — ತಾತಂಗೆ ತುಂಬಾ ಸುಸ್ತಾಗಿತ್ತಲ್ಲ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ, ಅವರು ಒಂದು ಇಂಜೆಕ್ಷನ್ ಕೊಟ್ರು, ಮಲಗಿದ, ಈಗ ಅವನಿಗೆ ಏನೂ ನೋವಿಲ್ಲ. ಅಲ್ಲೇ ಇದಾನಾ, ಗುಂಡ ಕೇಳಿದ. ಹೂಂ, ಅಲ್ಲೇ. ನೀನು ಆಸ್ಪತ್ರೇಲಿ ಎಲ್ಲರಿಗೂ ಕೊಡ್ತೀಯಲ್ಲ ಮಲಗೋ ಇಂಜೆಕ್ಷನ್ನು, ಆ ಥರದ್ದಾ, ಗುಬ್ಬಿ ಕೇಳಿದಳು. ಹೂಂ, ಅದೇ ಥರ. ಎಷ್ಟು ಸಲೀಸಾಗಿ ಬಂತು, ಕೈಯಲ್ಲಿದ್ದ ಬೀನ್ಸಿನ ನಾರು ಬಂದಷ್ಟೇ ಸಲೀಸು, ಹೂಂ, ಅದೇ ಥರ, ತಿರುಗಿ ನೋಡಿದರೆ ಗುಬ್ಬಿ ನನ್ನ ಮುಖ ನೋಡುತ್ತಿಲ್ಲ, ನನ್ನ ಕೈ ನೋಡುತ್ತಿದ್ದಾಳೆ, ಬಾಗಿಲಲ್ಲಿ ಗಂಡ ನಿಂತಿದ್ದಾನೆ. ಮಕ್ಕಳು ಆಚೆ ಹೋದ ಮೇಲೆ ಅವನು ಹೇಳಿದ, ನೀನು ಹೇಳ್ಲೇ ಇಲ್ಲ. ಹೇಳಿದ್ನಲ್ಲ. ನೀನು ಹೇಳಿದ್ದು ಅದಲ್ಲ, ಎಂದ. ಮರುದಿನ ಬೆಳಗ್ಗೆ ಗುಂಡ ಹಲ್ಲುಜ್ಜುತ್ತಾ, ತಾತ ಇನ್ನೂ ಎದ್ದಿಲ್ವಾ, ಇಲ್ಲ ಮರಿ, ಗಾಢ ನಿದ್ದೆ, ಅದರ ಮರುದಿನ ಬೆಳಗ್ಗೆ, ಇನ್ನೂ ಎದ್ದಿಲ್ವಾ, ನಾನು ಕೇಳಿಸದವಳ ಹಾಗೆ ಕುಕ್ಕರಿನ ಸೀಟಿ ಎಣಿಸುತ್ತಿದ್ದೆ. ಆಮೇಲೆ ಅವನು ಕೇಳುವುದು ಬಿಟ್ಟ. ರಾತ್ರಿ ದಿಂಬನ್ನು ಗೋಡೆಗೆ ಒರಗಿಸಿ ಕೂತೇ ಇರುತ್ತಿದ್ದ, ಮಲಕ್ಕೋ ಎಂದರೆ, ಕೂತ್ಕೊಂಡೇ ಕಣ್ಣು ಮುಚ್ಕೋತೀನಿ ಎನ್ನುತ್ತಿದ್ದ, ಗುಬ್ಬಿ ತಲೆ ಬಾಚಿಸಿಕೊಳ್ಳಲು ಅಪ್ಪನ ಹತ್ತಿರ ಹೋಗತೊಡಗಿದಳು, ಅಪ್ಪನಿಗೆ ಜಡೆ ಹಾಕಲು ಬಾರದು, ಹಗ್ಗ ಹೊಸೆದ ಹಾಗೆ ಹೊಸೆಯುತ್ತಾನೆ, ಆ ಹಗ್ಗ ಹಾಕಿಕೊಂಡೇ ಶಾಲೆಗೆ ಹೋದಳು, ಒಮ್ಮೆ ಕೆಮ್ಮಿದಳು, ನಾನು ಸಿರಪ್ ಬಾಟಲಿ ಹಿಡಿದು ಹೋದರೆ, ಕೆಮ್ಮಲ್ಲ ಅದು, ನಗು, ಎಂದಳು, ನಗು ಅಂತೆ, ನಾನೂ ನಕ್ಕು ಬಾಟಲಿ ಮುಚ್ಚಿಟ್ಟೆ. ನನಗೆ ಎಲ್ಲವೂ ಕಾಣುತ್ತಿತ್ತು, ಕಂಡದ್ದೇನೆಂದು ಕೇಳಿಕೊಳ್ಳಲಿಲ್ಲ. ನಿನ್ನೆ ಟೀ ಕುಡಿಯುತ್ತಾ ಥಿಯೇಟರಿನ ಸಿಸ್ಟರಿಗೆ ಹೇಳಿದೆ, ನಾಯಿ ಹೋಯ್ತು ಕಣ್ರೀ, ಮಕ್ಕಳು ಏನು ಮಾಡ್ತಾರೋ ಅಂದ್ಕೊಂಡಿದ್ದೆ, ಎಷ್ಟು ಬೇಗ ಮರೀತಾರೆ ನೋಡಿ. ಹೌದು ಮೇಡಂ, ಮಕ್ಕಳು ದೇವರ ಥರ, ಎಂದಳು ಸಿಸ್ಟರ್, ನಾನು ಅವಳ ಪ್ಲೇಟಿನಿಂದ ಒಂದು ಬಿಸ್ಕತ್ತು ತೆಗೆದುಕೊಂಡೆ — ಬಿಸ್ಕತ್ತು, ಆವತ್ತು ಬೆಳಗ್ಗೆಯ ಆ ಬಿಸ್ಕತ್ತು — ಬೇಡ.

ಈಗ ಅದೇ ಸಿಸ್ಟರ್ ನನ್ನ ಭುಜದ ಹಿಂದೆ ನಿಂತಿದ್ದಾಳೆ, ಮೇಡಂ, ನಿಮ್ಮ ಫೋನು ಬಡ್ಕೊಳ್ತಾನೇ ಇದೆ, ಸ್ಕೂಲು ಅಂತ ಬರ್ತಿದೆ, ನನ್ನ ಎರಡೂ ಕೈಗೆ ಗ್ಲೌಸು, ಅವಳೇ ಫೋನನ್ನು ಟೋಪಿಯ ಮೇಲಿಂದ ನನ್ನ ಕಿವಿಗೆ ಒತ್ತಿ ಹಿಡಿದಳು, ಗುಬ್ಬಿಯ ಕ್ಲಾಸ್ ಟೀಚರ್, ಗಾಬರಿಯಾಗ್ಬೇಡಿ ಮೇಡಂ, ನಿಮ್ಮ ಮಗಳಿಗೆ ಜ್ವರ ಇದೆ, ಕೆನ್ನೆಯೆಲ್ಲ ಕೆಂಪಾಗಿದೆ, ಡೆಸ್ಕಿನ ಮೇಲೆ ತಲೆ ಇಟ್ಟಿದ್ದು ನೋಡಿ ನಾವೇ ಸಿಕ್ ರೂಮಿಗೆ ಕರ್ಕೊಂಡು ಬಂದ್ವಿ, ಅವರಪ್ಪಂಗೆ ಮಾಡಿದ್ರೆ ಎತ್ತಲಿಲ್ಲ — ಎತ್ತುವುದಿಲ್ಲ, ಇವತ್ತು ಯಾವುದೋ ಕಟ್ಟಡದ ಅಳತೆಗೆ ಹೋಗಿದ್ದಾನೆ, ಫೋನು ಕಾರಿನಲ್ಲಿ ಬಿಟ್ಟಿರುತ್ತಾನೆ — ನಿಮಗೆ ಆಗ್ಲೇ ಮಾಡ್ಬೇಕಿತ್ತು ಮೇಡಂ, ಅವಳು ಅಮ್ಮಂಗೆ ಮಾತ್ರ ಮಾಡ್ಬೇಡಿ ಅಂತ ನನ್ನ ಸೀರೆ ಹಿಡ್ಕೊಂಡು ಅಳ್ತಿದಾಳೆ, ತಮ್ಮನ್ನೂ ಅವನ ಕ್ಲಾಸಿಂದ ಕರೆಸಿ ಅಂತ ಹಟ ಹಿಡಿದ್ಲು, ಕರೆಸಿದೀವಿ. ಟೀಚರ್ ದನಿ ತಗ್ಗಿಸಿದಳು. ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ, ಮನೇಲಿ ಮಕ್ಕಳ ತಾತ ಯಾರಾದ್ರೂ ಈಚೆಗೆ ತೀರಿಕೊಂಡ್ರಾ, ಅಲ್ಲ, ಇವಳು ಹೇಳ್ತಾಳೆ, ತಾತಂಗೆ ಹುಷಾರಿರಲಿಲ್ಲ, ಅಮ್ಮ ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಟ್ರು, ತಾತ ಏಳ್ಲೇ ಇಲ್ಲ, ನನಗೆ ಜ್ವರ ಅಂತ ಗೊತ್ತಾದ್ರೆ ನನ್ನೂ ಮಲಗಿಸ್ತಾರೆ ಅಂತ. ನಾಯಿ, ಎಂದೆ, ನಾಯಿ ಅದು, ತಾತ ಅಂದ್ರೆ ನಮ್ಮ ನಾಯಿ, ನನ್ನ ದನಿ ಮಾಸ್ಕಿನೊಳಗೆ ಸಿಕ್ಕಿ ಬೇರೆ ಯಾರದೋ ಹಾಗೆ ಕೇಳಿಸಿತು, ಆ ಕಡೆ ಟೀಚರ್ ಅಷ್ಟು ದೊಡ್ಡ ಉಸಿರು ಬಿಟ್ಟಳು, ಅಯ್ಯೋ, ನಾಯೀನಾ ಮೇಡಂ, ನಾವಿಲ್ಲಿ ಏನೇನೋ ಅಂದ್ಕೊಂಡ್ವಿ, ಬಟ್ಟೆಯ ಆಚೆಯಿಂದ ಸರ್ಜನ್, ಯಾರನ್ನ ಮೇಡಂ ನಾಯಿ ನಾಯಿ ಅಂತ ಬೈತಿದ್ದೀರಿ, ನನ್ನನ್ನಲ್ಲ ತಾನೇ, ಎಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುವಾಗ ಕಣ್ಣಿನಿಂದ ನೀರು ಮಾಸ್ಕಿಗೆ ಇಳಿಯಿತು, ಒರೆಸಿಕೊಳ್ಳುವಂತಿಲ್ಲ, ಎದ್ದು ಓಡುವಂತೆಯೂ ಇಲ್ಲ, ಮಲಗಿಸಿದವರು ಎಬ್ಬಿಸುವ ತನಕ ಕದಲಬಾರದು, ಅದು ನನ್ನ ಕೆಲಸದ ಮೊದಲ ಪಾಠ. ಹೊಲಿಗೆ ಮುಗಿಯಿತು, ಔಷಧ ನಿಲ್ಲಿಸಿದೆ, ಕಾದೆ, ಕಣ್ಣು ಬಿಡಿ, ಕಣ್ಣು ಬಿಡಿ ನೋಡೋಣ, ಬೇಕರಿಯವನು ಬಿಡಲೊಲ್ಲ, ಎಷ್ಟು ಜನರನ್ನು ಎಬ್ಬಿಸಿದವಳು ನಾನು, ಇವತ್ತು ಮೊದಲ ಸಲ ಆ ಯೋಚನೆ ಬಂತು, ಏಳದಿದ್ದರೆ, ಈ ಮನುಷ್ಯನೂ ಏಳದಿದ್ದರೆ, ಭುಜ ಅಲುಗಿಸಿದೆ, ಕೆಮ್ಮಿದ, ಕೊಳವೆ ತೆಗೆದೆ, ಕಣ್ಣು ಬಿಟ್ಟ, ಒಲೆ ಆರಿಸಿದ್ರಾ, ಎಂದ. ಆರಿಸಿದೀವಿ, ಎಂದೆ. ಆಮೇಲೆ ನೀರು ಕೇಳಿದ. ಮುಂದಿನ ಕೇಸನ್ನು ಜೂನಿಯರ್ ನೋಡಿಕೊಳ್ಳುತ್ತಾನೆ, ಹೋಗಿ ಮೇಡಂ, ಎಂದರು ಸರ್ಜನ್, ಈಗ ನಗದೆ.

ಕಾರು, ಬಿಸಿ ಸೀಟು, ಗೇಟಿನ ಕಾವಲಿನವನು ಸಲಾಮು ಹೊಡೆದದ್ದಕ್ಕೆ ತಲೆಯಾಡಿಸಲೂ ಇಲ್ಲ, ಏನು ಹೇಳಲಿ, ಈಗ ಹೋಗಿ ಏನು ಹೇಳಲಿ, ದೇವರ ಹತ್ತಿರ ಹೋಗಿದ್ದಾನೆ ಎನ್ನಲೇ, ಹೋಗಿಬಾ ಎಂದು ಕಳಿಸಿದವರು ಯಾರು ಎಂದು ಗುಬ್ಬಿ ಕೇಳುತ್ತಾಳೆ, ನಕ್ಷತ್ರ ಆಗಿದ್ದಾನೆ ಎನ್ನಲೇ, ಗುಂಡ ಯಾವುದು ತೋರಿಸು ಎನ್ನುತ್ತಾನೆ, ನನಗೇ ತಿಳಿಯದ್ದನ್ನು ಬೆರಳು ಮಾಡಿ ತೋರಿಸಲೇ. ಹೊಸದಾಗಿ ಸೇರಿದ ಡಾಕ್ಟರುಗಳನ್ನು ಕೂರಿಸಿಕೊಂಡು ಪಾಠ ಹೇಳುವವಳು ನಾನೇ, ಸತ್ತವರ ಮನೆಯವರ ಹತ್ತಿರ ಸುತ್ತು ಬಳಸಿ ಮಾತಾಡಬೇಡಿ, ನಮ್ಮ ಕೈಲಿ ಆಗಲಿಲ್ಲ, ಬಿಟ್ಟುಹೋದರು, ಇಂಥ ಮಾತು ಬೇಡ, ಸತ್ತರು ಅನ್ನೋದನ್ನ ಸತ್ತರು ಅಂತಲೇ ಹೇಳಿ, ಇಲ್ಲದಿದ್ದರೆ ಅವರು ಬಾಗಿಲ ಹೊರಗೆ ಕಾಯ್ತಾ ಕೂತುಬಿಡ್ತಾರೆ, ಎಷ್ಟು ಸಲ ಹೇಳಿದ್ದೇನೆ, ಊರಿನವರ ಮಕ್ಕಳಿಗೆಲ್ಲ ಪಾಠ ಹೇಳಿ ನನ್ನ ಮಕ್ಕಳನ್ನೇ ಬಾಗಿಲ ಹೊರಗೆ ಕೂರಿಸಿ ಬಂದೆ, ಒಂದು ವಾರದಿಂದ ಕಾಯುತ್ತಿವೆ, ಒಂದು ಏಳುತ್ತಾನೆಂದು ಕಾಯುತ್ತಿದೆ, ಇನ್ನೊಂದು ತನ್ನ ಸರದಿ ಕಾಯುತ್ತಿದೆ. ನನ್ನ ಗುಬ್ಬಿ ನನಗೆ ಹೆದರಿದ್ದಾಳೆ. ನನ್ನ ಹತ್ತಿರ ಬರದೆ ತಲೆ ಬಾಚಿಸಿಕೊಳ್ಳದೆ ಕೆಮ್ಮನ್ನು ನುಂಗಿಕೊಂಡು ಅದನ್ನು ನಗು ಅಂದಳು, ನಾನೂ ನಕ್ಕೆ. ಎಡಕ್ಕೆ ತಿರುಗಬೇಕಿತ್ತು, ಮುಂದೆ ಬಂದುಬಿಟ್ಟೆ, ಪ್ರಾಣಿಗಳ ಡಾಕ್ಟರ ಕ್ಲಿನಿಕ್ಕಿನ ರಸ್ತೆ ಇದು, ಕಾರು ತಾನಾಗಿಯೇ ಇಲ್ಲಿಗೆ ಬಂತೇ, ಅದೇ ಹಳದಿ ಶಟರು, ಆವತ್ತು ತಾತನಿಗೆ ಕಾರು ಹತ್ತಲು ಆಗಲಿಲ್ಲ, ಮುಂಗಾಲು ಮಾತ್ರ ಇಟ್ಟು ನನ್ನ ಕಡೆ ನೋಡಿದ, ಹಿಂದಿನಿಂದ ಎತ್ತಿ ಕೂರಿಸಿದೆ, ಗಾಳಿಗೆ ಮೂತಿ ಒಡ್ಡಿ ಕೂತ, ಸುತ್ತಾಡಲು ಹೊರಟಿದ್ದೇವೆ ಎಂದುಕೊಂಡಿದ್ದನೇನೋ. ಬಿಸ್ಕತ್ತು ತಿಂದಿದ್ದ. ಹೇಳಿಕೊಳ್ಳಲೇಬೇಕಲ್ಲ, ಇಲ್ಲಿ ಯಾರು ಕೇಳುವವರು, ಬುಧವಾರ ಬೆಳಗ್ಗೆ ವ್ಯಾನು ಬರುವ ಮುಂಚೆ ಗುಂಡ ಅವನ ಬಾಯಿಗೆ ಬಿಸ್ಕತ್ತು ಹಿಡಿದ, ಎಷ್ಟೋ ದಿನದಿಂದ ಏನನ್ನೂ ಮುಟ್ಟದಿದ್ದವನು ಕಚ್ಚಿದ, ಅಗಿದ, ಇನ್ನೊಂದಕ್ಕೆ ಮೂಸಿದ, ಬಾಲ ನೆಲಕ್ಕೆ ಒಮ್ಮೆ ಬಡಿದ ಸದ್ದು ಅಡುಗೆಮನೆಯಿಂದ ನೋಡುತ್ತಿದ್ದ ನನಗೆ ಕೇಳಿಸಿತು, ಗಂಡ ಸ್ನಾನಕ್ಕೆ ಹೋಗಿದ್ದ, ಹೊರಗೆ ಬಂದ ಮೇಲೆ ಕೇಳಿದ, ಏನಾದ್ರೂ ತಿಂದ್ನಾ, ನಾನು ಇಲ್ಲ ಎಂದೆ. ಇಲ್ಲ ಎಂದೆ. ಹೌದು ಎಂದಿದ್ದರೆ ಇನ್ನೊಂದು ವಾರ, ಗುರುವಾರದಿಂದ ನನಗೆ ಡ್ಯೂಟಿ, ಆಮೇಲೆ ಯಾವಾಗ, ಕೆಲಸ ಮುಗಿಸಿಬಿಡುವುದೊಂದೇ ತಲೆಯಲ್ಲಿ, ಗುಂಡನಿಗೆ ಗೊತ್ತು ಅವನು ತಿಂದದ್ದು, ಅವನನ್ನು ಯಾರೂ ಕೇಳಲಿಲ್ಲ. ಹಿಂದಿನ ಗಾಡಿಯವನು ಹಾರ್ನ್ ಮಾಡುತ್ತಿದ್ದಾನೆ, ಹೋಗುತ್ತೇನೆ ಮಾರಾಯ, ಹೋಗುತ್ತಿದ್ದೇನೆ.

ಶಾಲೆಯ ಸಿಕ್ ರೂಮು ಅಂದರೆ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ, ಒಂದು ಮಂಚ, ಒಂದು ಫ್ಯಾನು, ಗೋಡೆಯಲ್ಲಿ ಹಲ್ಲುಜ್ಜುವ ಹುಡುಗನ ಚಿತ್ರ, ಮಂಚದ ಮೇಲೆ ಮಲಗಬೇಕಾದವಳು ತುದಿಯಲ್ಲಿ ನೆಟ್ಟಗೆ ಕೂತಿದ್ದಾಳೆ, ಹಗ್ಗದ ಜಡೆ ಅರ್ಧ ಬಿಚ್ಚಿದೆ, ಎರಡೂ ಕೈಯನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದಾಳೆ, ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು, ಸೂಜಿ ಚುಚ್ಚುವುದು ಎಲ್ಲಿಗೆ ಎಂದು ಅವಳಿಗೆ ಗೊತ್ತು, ಒಮ್ಮೆ ಆಟಕ್ಕೆ ನಾನೇ ತೋರಿಸಿದ್ದೆ, ಅಂಗೈ ಹಿಂದಿನ ಹಸಿರು ದಾರ ನೋಡು, ಇದೇ ನರ, ಇಲ್ಲಿಂದಲೇ ನಿದ್ದೆ ಒಳಗೆ ಹೋಗೋದು. ಪಕ್ಕದಲ್ಲಿ ಗುಂಡ, ಕಣ್ಣ ಸುತ್ತ ಕಪ್ಪು, ನನ್ನನ್ನು ಕಂಡು ಎದ್ದವನು ಅಕ್ಕನ ಮುಖ ನೋಡಿ ಮತ್ತೆ ಕೂತ. ನಂಗೇನೂ ಆಗಿಲ್ಲ, ಎಂದಳು ಗುಬ್ಬಿ, ಬಿಸಿಲಲ್ಲಿ ಆಡಿದ್ದಕ್ಕೆ ಬಿಸಿ ಆಗಿದೆ ಅಷ್ಟೇ. ಟೀಚರ್ ನನ್ನನ್ನೊಮ್ಮೆ ನೋಡಿ ಬಾಗಿಲು ಎಳೆದುಕೊಂಡು ಹೋದಳು. ನಾನು ಹತ್ತಿರ ಹೋಗಲಿಲ್ಲ, ನೆಲದ ಮೇಲೆ ಕೂತೆ, ಬಾಯಿಪಾಠ ಯಾವುದೂ ನೆನಪಿಲ್ಲ, ತಾತ ಮಲಗಿಲ್ಲ, ಎಂದೆ, ತಾತ ಸತ್ತುಹೋದ. ಫ್ಯಾನು ತಿರುಗುತ್ತಿದೆ. ಗುಂಡ ಕೇಳಿದ, ಸತ್ತುಹೋದ ಅಂದ್ರೆ ಏಳಲ್ವಾ. ಏಳಲ್ಲ ಮರಿ. ನಾಳೆ. ನಾಳೇನೂ ಏಳಲ್ಲ. ಹೊಟ್ಟೆ ಹಸಿದ್ರೆ. ಅವನಿಗೆ ಹಸಿವಾಗಲ್ಲ, ಉಸಿರಾಡಲ್ಲ, ಏನೂ ಕೇಳ್ಸಲ್ಲ, ನೋವೂ ಆಗಲ್ಲ, ಅವನ ಮೈ ಪೂರ್ತಿ ನಿಂತುಹೋಯ್ತು, ಇನ್ನು ಯಾವತ್ತೂ ಶುರುವಾಗಲ್ಲ. ಗುಂಡ, ಮತ್ತೆ ನೀನು ಅದೇ ಥರ ಅಂದೆ, ಎಂದ. ಸುಳ್ಳು ಹೇಳಿದೆ, ಎಂದೆ, ಅದು ಬೇರೆ ಔಷಧ, ಮೈ ನಿಲ್ಸೋ ಔಷಧ, ತಪ್ಪಿ ಬೇರೆ ಯಾರಿಗೂ ಕೊಡಬಾರದು ಅಂತ ಅದಕ್ಕೆ ಬೇರೆ ಬಣ್ಣಾನೇ ಹಾಕಿರ್ತಾರೆ, ತುಂಬಾ ವಯಸ್ಸಾಗಿ ಯಾವ ಔಷಧಕ್ಕೂ ವಾಸಿಯಾಗದ ಪ್ರಾಣಿಗೆ ಮಾತ್ರ ಕೊಡೋದು, ಜ್ವರ ಬಂದ ಮಕ್ಕಳಿಗೆ ಯಾರೂ ಕೊಡಲ್ಲ, ನಾನು ಯಾವ ಮನುಷ್ಯರಿಗೂ ಅದನ್ನ ಕೊಟ್ಟಿಲ್ಲ, ಆಸ್ಪತ್ರೇಲಿ ನಾನು ಕೊಡೋದಕ್ಕೆ ಎಲ್ಲರೂ ಏಳ್ತಾರೆ, ಏಳೋ ತನಕ ನಾನು ಪಕ್ಕದಲ್ಲೇ ಕೂತಿರ್ತೀನಿ, ಈಗ ತಾನೇ ಒಬ್ಬ ಬೇಕರಿ ಮಾಮನ್ನ ಎಬ್ಬಿಸಿ ಬಂದೆ. ಎದ್ದು ಏನಂದ್ರು, ಎಂದ ಗುಂಡ. ಒಲೆ ಆರಿಸಿದ್ರಾ ಅಂದ್ರು. ಗುಂಡನಿಗೆ ನಗು ಬಂತು, ಅಕ್ಕನ ಕಡೆ ನೋಡಿದ, ಅವಳು ನಗಲಿಲ್ಲ, ಅವನ ನಗು ಅರ್ಧಕ್ಕೆ ತಿರುಗಿ ಅಳುವಾಯಿತು, ಬಂದು ನನ್ನ ಮಡಿಲಿಗೆ ಬಿದ್ದ, ಬಿಸ್ಕತ್ತು ತಿಂದಿದ್ದ ಅಮ್ಮ ಅವನು, ನಾನು ಕೊಟ್ಟಿದ್ದೆ, ಎಂದು ನನ್ನ ಹೊಟ್ಟೆಯೊಳಕ್ಕೆ ಹೇಳಿದ, ಗೊತ್ತು, ಎಂದೆ, ನಂಗೆ ಗೊತ್ತು ಮರಿ, ನಾನು ನೋಡಿದ್ದೆ. ಗುಬ್ಬಿ ಕೈ ತೆಗೆಯಲಿಲ್ಲ. ಯಾರು ಸಾಯಿಸಿದ್ದು, ಎಂದು ಕೇಳಿದಳು. ಆ ಡಾಕ್ಟರ್ ಎನ್ನಬಹುದಿತ್ತು, ಔಷಧ ತಳ್ಳಿದ್ದು ಪ್ರಾಣಿಗಳ ಕ್ಲಿನಿಕ್ಕಿನ ಆ ಹುಡುಗಿಯೇ ಅಲ್ಲವೇ, ಪಾಪ, ಇಂಥದಕ್ಕೆಂದೇ ಮೀಸಲಿಟ್ಟ ಮೆತ್ತನೆ ದನಿಯಲ್ಲಿ ಮಾತಾಡುತ್ತಿದ್ದಳು, ಕಾಯಿಲೆ ಸಾಯಿಸಿತು ಎನ್ನಬಹುದಿತ್ತು, ಅದೂ ಪೂರ್ತಿ ಸುಳ್ಳಲ್ಲ. ನಾನು, ಎಂದೆ. ನಾನೇ ಸಾಕು ಅಂತ ನಿರ್ಧಾರ ಮಾಡಿದ್ದು, ಅಪ್ಪ ಇನ್ನೂ ಸ್ವಲ್ಪ ದಿನ ಅಂದ್ರು, ನಾನು ಕೇಳ್ಲಿಲ್ಲ, ಅವನಿಗೆ ತುಂಬಾ ನೋವಿತ್ತು ಅನ್ನೋದು ನಿಜ, ನಿಮಗೆ ಹೇಳ್ದೆ ಕರ್ಕೊಂಡು ಹೋಗಿದ್ದು ನನ್ನ ತಪ್ಪು. ಅವಳು ತುಂಬಾ ಹೊತ್ತು ನನ್ನನ್ನು ನೋಡಿದಳು, ಏಳು ವರ್ಷದ ಮುಖ ಅಲ್ಲ ಅದು, ಯಾರೋ ಹಿರಿಯರು ನನ್ನ ಮಾತನ್ನು ತೂಗಿ ನೋಡುತ್ತಿರುವ ಹಾಗೆ, ಆಮೇಲೆ ಬಾಗಿಲ ಕಡೆ ತಿರುಗಿ, ಮಿಸ್ ಔಷಧ ಕೊಟ್ರೆ ಕುಡೀತೀನಿ, ಎಂದಳು. ಟೀಚರನ್ನು ಒಳಗೆ ಕರೆದೆ, ಬಾಟಲಿ ನನ್ನ ಚೀಲದ್ದೇ, ಅಳತೆ ಹೇಳಿದ್ದೂ ನಾನೇ, ಚಮಚ ಹಿಡಿದದ್ದು ಟೀಚರ್, ನಾನು ಗೋಡೆಗೆ ಒರಗಿ ನೋಡುತ್ತಾ ನಿಂತೆ, ಕುಡಿದಳು, ಮುಖ ಹುಳ್ಳಗೆ ಮಾ‌ಡಿಕೊಂಡಳು, ಕೈ ಆಗಲೂ ತೊಡೆಯ ಕೆಳಗೇ.

ಮನೆಯ ದಾರಿ, ಹಿಂದಿನ ಸೀಟಿನಲ್ಲಿ ಇಬ್ಬರೂ, ಗುಂಡ ಗೇಟು ದಾಟುವ ಮುಂಚೆಯೇ ನಿದ್ದೆಹೋದ, ಬಾಯಿ ತೆರೆದು, ತಲೆ ಅಕ್ಕನ ಭುಜಕ್ಕೆ, ಅವಳು ಅವನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಾಳೆ, ಕನ್ನಡಿಯಲ್ಲಿ ನನಗೆ ಕಾಣುತ್ತಿದೆ, ನನ್ನ ಕೆಲಸ ಅದು, ನನ್ನಿಂದ ಕಲಿತದ್ದಲ್ಲ, ನನ್ನಿಂದಾಗಿ ಕಲಿತದ್ದು. ಗಂಡನಿಗೆ ಸಂಜೆ ಹೇಳಬೇಕು, ಬಿಸ್ಕತ್ತಿನದನ್ನೂ ಹೇಳಬೇಕು, ಅವನು ಏನೂ ಅನ್ನುವುದಿಲ್ಲ, ಪೆನ್ಸಿಲ್ ಹುಡುಕುತ್ತಾನೆ. ನನ್ನ ಕಿವಿ ನೋಯ್ತಿದೆ, ಎಂದಳು ಗುಬ್ಬಿ, ತಟ್ಟನೆ, ಕಿಟಕಿಯ ಕಡೆ ಮುಖ ಮಾಡಿ. ಯಾವ ಕಿವಿ. ಈ ಕಡೇದು. ಯಾವಾಗಿಂದ ಪುಟ್ಟಿ. ತಾತ ಮಲಗಿದ ಮಾರನೇ ದಿನದಿಂದ — ಅಲ್ಲ, ಎಂದಳು, ಸತ್ತ ಮಾರನೇ ದಿನದಿಂದ. ಅಷ್ಟು ದಿನದಿಂದ ಆ ಪುಟ್ಟ ಕಿವಿ ಒಳಗೊಳಗೇ ಬೆಂಕಿಯಾಗಿ, ಉಗುಳು ನುಂಗುವುದಕ್ಕೂ ಕಣ್ಣಲ್ಲಿ ನೀರು ಬಂದಿರಬೇಕು, ನನ್ನ ಪಕ್ಕದಲ್ಲೇ ಕೂತು ತಟ್ಟೆ ಖಾಲಿ ಮಾಡಿ ಎದ್ದುಹೋಗುತ್ತಿದ್ದಳು, ಡಾಕ್ಟರ ಮಗಳು, ಇವತ್ತೇ ಕಿವಿ ಡಾಕ್ಟರ ಹತ್ರ ಹೋಗೋಣ, ಎಂದೆ, ಇಂಜೆಕ್ಷನ್ ಬೇಡ ಅಂತ ನಾನೇ ಹೇಳ್ತೀನಿ, ಅಪ್ಪ ಬರಲಿ, ಅಪ್ಪನ ಜೊತೆ ಹೋಗ್ತೀಯಾ. ನೀನೂ ಬಾ, ಎಂದಳು, ಆಮೇಲೆ, ಹೊರಗೆ ಕೂತ್ಕೋ. ಸರಿ, ಎಂದೆ. ಸಿಗ್ನಲ್ ಕೆಂಪು. ಎದುರಿನ ಬಸ್ಸಿನ ಹಿಂಭಾಗ, ಧೂಳು, ಯಾರೋ ಬೆರಳಲ್ಲಿ ಬರೆದ ಮೀನು. ಅಮ್ಮ, ಆ ಡಾಕ್ಟರ್ ಹತ್ರ ತಾತ ಅತ್ತನಾ. ಇಲ್ಲ. ಓಡಿಹೋಗಕ್ಕೆ ನೋಡಿದ್ನಾ. ಇಲ್ಲ. ಮತ್ತೇನು ಮಾಡ್ದ. ಏನು ಮಾಡಿದ, ಇನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲ, ಸ್ಟೀಲಿನ ಮೇಜು, ಅದರ ತಣ್ಣನೆಗೆ ಅವನ ಮೈ ನಡುಗುತ್ತಿದೆ, ಆ ಹುಡುಗಿ ಡಾಕ್ಟರಿಗೆ ನರ ಸಿಗುತ್ತಿಲ್ಲ, ಒಂದು ಸಲ ಚುಚ್ಚಿದಳು, ಇನ್ನೊಂದು ಸಲ, ಸಾರಿ ಮೇಡಂ ಎಂದಳು, ಕೊಡಿ ಇಲ್ಲಿ ಎಂದು ನಾನು ಸೂಜಿ ತೆಗೆದುಕೊಂಡೆ, ನನಗೆ ಸಿಗದ ನರವಿಲ್ಲ, ಎಲ್ಲರೂ ಹೇಳುತ್ತಾರೆ, ಅವನು ಕಾಲುಗಳನ್ನು ಹೊಟ್ಟೆಯ ಕೆಳಗೆ ಮಡಿಸಿಕೊಂಡಿದ್ದ, ಎಳೆದರೆ ನೋವಾದೀತು, ಬೇಸಿಗೆ ರಜೆಯೆಲ್ಲ ಗುಬ್ಬಿ ಅಂಗಳದಲ್ಲಿ ಅವನ ಮುಂದೆ ಕೂತು ಹೇಳಿಕೊಟ್ಟ ಆಟ ನೆನಪಾಯಿತು, ಅವಳೊಬ್ಬಳಿಗೇ ಕೊಡುತ್ತಿದ್ದ, ಗುಂಡ ಕೇಳಿದರೂ ಇಲ್ಲ, ಗಂಡ ಕೇಳಿದರೂ ಇಲ್ಲ, ನಾನು ಒಂದು ದಿನವೂ ಕೇಳಿದವಳಲ್ಲ, ನನಗೆಲ್ಲಿ ಹೊತ್ತು, ಆವತ್ತು ಅವನ ಕಿವಿಯ ಹತ್ತಿರ ಬಗ್ಗಿ ಕೇಳಿದೆ. ಕೈ ಕೊಟ್ಟ, ಎಂದೆ ಕನ್ನಡಿಗೆ, ಆ ಮಾತಿನ ಇನ್ನೊಂದು ಅರ್ಥ ಆಮೇಲೆ ಹೊಳೆಯಿತು, ಅದು ಅವನದಲ್ಲ, ನನ್ನದು. ನೀನು ಕೇಳಿದ್ಯಾ, ಅವನೇ ಕೊಟ್ನಾ. ನಾನು ಕೇಳಿದೆ, ಕೈ ಕೊಡು ತಾತ ಅಂದೆ. ಯಾವ ಕೈ. ಬಲಗೈ. ಕನ್ನಡಿಯಲ್ಲಿ ಅವಳ ಕೆನ್ನೆಯ ಮೇಲೆ ನೀರು ಸದ್ದಿಲ್ಲದೆ ಇಳಿಯುತ್ತಿದೆ, ತಮ್ಮನ ತಲೆ ಅಲುಗದ ಹಾಗೆ ಅಳುತ್ತಿದ್ದಾಳೆ, ಬಸ್ಸು ಹೊರಟಿತು, ಮೀನು ದೂರ ಹೋಯಿತು, ಹಸಿರು ಬಿದ್ದಿದೆ, ಹಿಂದೆ ಯಾರೋ ಹಾರ್ನ್ ಮಾಡುತ್ತಿದ್ದಾರೆ, ಗೇರ್ ಹಾಕಬೇಕು, ಕಾಲು ಏಳುತ್ತಿಲ್ಲ, ಮೇಜಿನ ಮೇಲೆ ತಲೆಯನ್ನೂ ಎತ್ತದಿದ್ದವನು ಆ ಕೈಯನ್ನು ಹೇಗೆ ಎತ್ತಿದ, ಹೊಟ್ಟೆಯಡಿಯಿಂದ ಮೆಲ್ಲಗೆ ಎಳೆದು, ಬಿಳಿ ಕೂದಲಿನ ಬೆರಳು, ಸವೆದ ಉಗುರು, ನನ್ನ ಬಲಗೈಯಲ್ಲಿ ಸೂಜಿ, ನಾನಿನ್ನೂ ಹಿಡಿದಿಲ್ಲ, ಹಾರ್ನ್, ಮೇಜಿನ ಮೇಲೆ ಗಾಳಿಯಲ್ಲಿ ನಡುಗುತ್ತಾ ಎತ್ತಿಹಿಡಿದ ಕೈ, ಹಾರ್ನ್, ಹಿಡಿಯಲಿ ಎಂದು ಕಾಯುತ್ತಿರುವ ಕೈ, ಆ ಕೈ —